ನನ್ನ ದಿನಚರಿಯ ಹೊಸ ಏರ್ಪಾಡು

ದಿನಚರಿಯ ಪುಸ್ತಕಗಳಲ್ಲಿ ಎರಡು ಬಗೆ. ಆದುದನ್ನು ಬರೆದಿಡುವುದು ಒಂದು. ಅದನ್ನು ದೊಡ್ಡವರು ಬರೆದರೆ ಮುಂದೆ ಚರಿತ್ರೆಗೆ ಆಧಾರವಾಗುತ್ತದೆ, ನಮ್ಮಂಥವರು ಬರೆದರೆ ಮನೆಯವರ ಕೈಗೆ ಸಿಕ್ಕಿ ಫಜೀತಿಯಾಗುತ್ತದೆ. ಆಗಬೇಕಾದುದನ್ನು ಬರೆದಿಡುವುದು ಇನ್ನೊಂದು. ನಾನು ಹೇಳಹೊರಟಿರುವುದು ಈ ಎರಡನೆಯದರ ಮಾತು. ಇದರಲ್ಲಿ ಗುಟ್ಟೇನೂ ಇರುವುದಿಲ್ಲ. ಯಾರು ಬೇಕಾದರೂ ತೆರೆದು ನೋಡಬಹುದು. ಆದರೂ ಒಬ್ಬರ ಹಾಳೆಗಳು ಹೇಗೆ ವಿಂಗಡವಾಗಿವೆ ಎಂಬುದನ್ನು ನೋಡಿದರೆ, ಅವರು ತಮ್ಮ ಹೊತ್ತನ್ನು ಯಾರ ಕೈಗೆ ಒಪ್ಪಿಸಿದ್ದಾರೆಂಬುದು ತಿಳಿದುಬಿಡುತ್ತದೆ. ಈ ಕಾಲೇಜಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ನನ್ನ ದಿನಚರಿ ಮೂರು ಏರ್ಪಾಡುಗಳನ್ನು ಕಂಡಿದೆ. ಗೆಳತಿಯರು ಇದನ್ನು ನನ್ನ ಖಯಾಲಿ ಎನ್ನುತ್ತಾರೆ. ಖಯಾಲಿಯೋ ಅಗತ್ಯವೋ ವಾಚಕರೇ ತೀರ್ಮಾನಿಸಲಿ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಎಂದು ಕೇಳುವವರುಂಟು. ನಮ್ಮ ಮನೆಯಲ್ಲಿ ಒಳ್ಳೆಯ ಫೋನು ಇರುವುದು ಒಂದೇ. ಅದರ ಮೇಲೆ ನಾಲ್ವರ ಹಕ್ಕಿದೆ. ಅದಿರಲಿ, ಆ ಅಂಗೈಯಗಲದ ತೆರೆಯಲ್ಲಿ ತಿಂಗಳು ಕಂಡರೆ ದಿನ ಕಾಣದು, ದಿನ ಕಂಡರೆ ತಿಂಗಳು ಕಾಣದು. ನನಗೆ ಬೇಕಾಗಿದ್ದುದು ಎರಡನ್ನೂ ನೆಲದ ಮೇಲೆ ಹಾಸಿ ಮನೆಮಂದಿಯೆಲ್ಲ ಸುತ್ತ ಕುಳಿತು ನೋಡಬಹುದಾದ ವಸ್ತು.

ಮೊದಲನೆಯ ವರ್ಷ ನನ್ನಲ್ಲಿದ್ದುದು ಒಂದು ಅಂಗಡಿಯವರು ಗಿರಾಕಿಗಳಿಗೆ ಉಚಿತವಾಗಿ ಹಂಚಿದ ಡೈರಿ. ದಪ್ಪ ರಟ್ಟು, ಮೇಲೆ ಚಿನ್ನದ ಬಣ್ಣದ ಇಸವಿ. ದಿನಕ್ಕೊಂದು ಪುಟ, ಪುಟದ ಮೂಲೆಯಲ್ಲಿ ಶಕವರ್ಷದ ತೇದಿ ಬೇರೆ. ಆ ರಾಷ್ಟ್ರೀಯ ಪಂಚಾಂಗವನ್ನು ನಮ್ಮ ಸರ್ಕಾರ ೧೯೫೭ರ ಮಾರ್ಚ್ ೨೨ರಿಂದ ಜಾರಿಗೆ ತಂದಿತೆಂದು ಓದಿದ್ದೇನೆ; ನಮ್ಮೂರಿನವರೆಗೆ ಅದು ಇನ್ನೂ ನಡೆದು ಬಂದಿಲ್ಲ. ಇಂಥ ಅಚ್ಚಿನ ಡೈರಿಯನ್ನು ಮಾರಾಟಕ್ಕೆ ತಂದ ಕೀರ್ತಿ ಲಂಡನ್ನಿನ ಕಾಗದದ ವ್ಯಾಪಾರಿ ಜಾನ್ ಲೆಟ್ಸ್ ಎಂಬಾತನದು, ವರ್ಷ ೧೮೧೨. ವ್ಯಾಪಾರಿಗೆ ಒಪ್ಪುವ ಕ್ರಮವೇ ಅದು. ಆದರೆ ಜನವರಿಗೆ ಹುಟ್ಟಿ ಡಿಸೆಂಬರಿಗೆ ಸಾಯುವ ಪುಸ್ತಕಕ್ಕೂ ವರ್ಷದ ನಡುವೆ ಬಾಗಿಲು ತೆರೆಯುವ ಕಾಲೇಜಿಗೂ ಹೊಂದಿಕೆಯಾಗಲಿಲ್ಲ. ಮೇಲಾಗಿ, ದಿನಗಳೆಲ್ಲ ಸಮಾನ ಎಂಬುದು ಮುದ್ರಕನ ನಂಬಿಕೆ. ನಮ್ಮ ಮನೆಯಲ್ಲಿ ಹಾಗಲ್ಲ. ಕೆಲವು ದಿನ ಏನೂ ಇರುವುದಿಲ್ಲ. ಕೆಲವು ದಿನ ಉಣ್ಣುವುದಕ್ಕೂ ಬಿಡುವಿರುವುದಿಲ್ಲ.

ಎರಡನೆಯ ವರ್ಷ ಒಂದು ಲಾಂಗ್ ಬುಕ್ಕನ್ನು ತಂದು, ನಾನೇ ಗೆರೆ ಎಳೆದು, ಎದುರುಬದುರು ಎರಡು ಪುಟಕ್ಕೆ ಒಂದು ವಾರದಂತೆ ಹಂಚಿದೆ. ಚರಿತ್ರೆಗೆ ಒಂದು ಅಂಕಣ, ರಾಜ್ಯಶಾಸ್ತ್ರಕ್ಕೆ ಒಂದು, ಕನ್ನಡಕ್ಕೆ ಒಂದು. ನೋಡಲು ಬಲು ಚೆನ್ನಾಗಿತ್ತು. ಆದರೆ ಆ ಪುಸ್ತಕವನ್ನು ಓದಿದವರು ನಾನು ಹಾಸ್ಟೆಲಿನಲ್ಲಿ ಬೆಳೆದ ಹುಡುಗಿಯೆಂದು ತಿಳಿಯಬೇಕಿತ್ತು. ಅದರಲ್ಲಿ ಮನೆಯ ಸುದ್ದಿಯೇ ಇರಲಿಲ್ಲ. ಮನೆಯ ಲೆಕ್ಕವೆಲ್ಲ ಅಪ್ಪನ ತಲೆಯಲ್ಲಿ, ಅವ್ವ ಹುಳುಮನೆಯ ಬಾಗಿಲ ಮೇಲೆ ಇದ್ದಿಲಿನಿಂದ ಎಳೆದ ಗೀಟುಗಳಲ್ಲಿ. ಹೀಗೆ ಒಂದೇ ಸೂರಿನ ಕೆಳಗೆ ಎರಡು ಪಂಚಾಂಗ ನಡೆಯುತ್ತಿದ್ದುವು.

ನಮ್ಮದು ರೇಷ್ಮೆಯ ಮನೆ. ಪಟ್ಟಣದ ಗೆಳತಿಯರಿಗಾಗಿ ಎರಡು ಮಾತು ಹೇಳಬೇಕು. ರೇಷ್ಮೆ ಹುಳು ತಾರೀಖನ್ನರಿಯದು. ಅದರ ಆಯುಸ್ಸೆಲ್ಲ ಜ್ವರದ ಲೆಕ್ಕ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗದೆ ಕುಳಿತು, ಹಳೆಯ ಪೊರೆಯನ್ನು ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹೀಗೆ ನಾಲ್ಕು ಜ್ವರ. ಎರಡು ಜ್ವರ ಕಳೆದ ಎಳೆಯ ಹುಳುಗಳನ್ನು ಚಾಕಿ ಕೇಂದ್ರದಿಂದ ತರುತ್ತೇವೆ. ತಂದ ದಿನದಿಂದ ಸುಮಾರು ೧೮ನೆಯ ದಿನಕ್ಕೆ ಹುಳು ಹಣ್ಣಾಗುತ್ತದೆ. ಆಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಅಲ್ಲಿಂದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ಇಷ್ಟರಲ್ಲಿ ನಾಲ್ಕನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನಗಳುಂಟಲ್ಲ, ಅವೇ ಕಠಿನ. ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ದಿನಗಳಲ್ಲೇ ತಿಂದುಬಿಡುತ್ತದೆ. ಹುಳುಮನೆಯೊಳಗೆ ನಿಂತರೆ ಅವು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತದೆ. ಆಗ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲವು; ನನ್ನ ಕೈಗೂ ವಿನಾಯಿತಿಯಿಲ್ಲ.

ಅತ್ತ ಕಾಲೇಜಿಗೆ ತಾರೀಖೇ ದೇವರು. ನೂರಕ್ಕೆ ೭೫ ಹಾಜರಿ, ಕಿರುಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ, ಯಾವುದೂ ಚಳಿಗೆ ಒಂದು ದಿನ ಹಿಂದಾಗುವುದಿಲ್ಲ, ಸೆಕೆಗೆ ಒಂದು ದಿನ ಮುಂದಾಗುವುದಿಲ್ಲ. ಹುಳು ಎರಡೂ ಆಗುತ್ತದೆ. ಅಚ್ಚಾದ ತಾರೀಖಿನ ಪುಟದಲ್ಲಿ "ಮೂರನೆಯ ಜ್ವರ ಎದ್ದ ಎರಡನೆಯ ದಿನ" ಎಂದು ಎಲ್ಲಿ ಬರೆಯುವುದು? ಒಂದು ದಿನ ಹೆಚ್ಚುಕಡಮೆಯಾದರೆ ಮುಂದಿನದನ್ನೆಲ್ಲ ಹೊಡೆದು ಮತ್ತೆ ಬರೆಯಬೇಕು. ನನ್ನ ದಿನಚರಿಗೆ ಮೂರನೆಯ ಏರ್ಪಾಡು ಬೇಕಾದುದು ಇದಕ್ಕಾಗಿಯೇ.

ದಾರಿ ತೋರಿದ್ದು ಚರಿತ್ರೆಯ ತರಗತಿ. ನಮ್ಮ ಅಧ್ಯಾಪಕರು ಒಂದು ದಿನ ಕಡತದ ವಿಷಯ ಹೇಳಿದರು. ಇಂದು ಕಡತವೆಂದರೆ ಕಚೇರಿಯ ಫೈಲು. ಹಿಂದೆ ಹಾಗಲ್ಲ, ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಕೆ ಮಾಡಿದ ಕಪ್ಪು ಪುಸ್ತಕವೇ ಕಡತ. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ವರ್ತಕರ ಲೆಕ್ಕಗಳೂ ಮಠಗಳ ಲೆಕ್ಕಗಳೂ ಇದರಲ್ಲಿ ಉಳಿದಿವೆ. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಆಧಾರವಾಗಿವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಇದನ್ನು ವರ್ಣಿಸಿ, ಉದ್ದ ೧೨ರಿಂದ ೧೮ ಅಡಿ ಎಂದಿದ್ದಾನೆ. ಮಡಿಚಿದರೆ ಪುಸ್ತಕ, ಬಿಡಿಸಿದರೆ ಹಾಸು! ಆ ಗಂಟೆಯ ಉಳಿದ ಪಾಠವನ್ನು ನಾನು ಅಷ್ಟಾಗಿ ಕೇಳಲಿಲ್ಲವೆಂದರೆ ಅಧ್ಯಾಪಕರು ಮನ್ನಿಸಬೇಕು. ನನ್ನ ಕೈ ಆಗಲೇ ಹಾಳೆಗಳನ್ನು ಅಳೆಯುತ್ತಿತ್ತು.

ಮನೆಗೆ ಬಂದು ಲಾಂಗ್ ಬುಕ್ಕಿನ ಗೆರೆಗಳನ್ನು ಎಣಿಸಿದೆ. ಪುಟಕ್ಕೆ ೨೮. ದಿನಕ್ಕೊಂದು ಗೆರೆಯೆಂದರೆ ಸರಿಯಾಗಿ ನಾಲ್ಕು ವಾರ. ನಾಲ್ಕು ಹಾಳೆಗಳನ್ನು ತುದಿಗೆ ತುದಿ ಸೇರಿಸಿ ಅಂಟಿಸಿದರೆ ೧೧೨ ಗೆರೆ, ಅಂದರೆ ೧೬ ವಾರ. ಪಾಠ ಪರೀಕ್ಷೆಗಳೆರಡೂ ಸೇರಿ ಒಂದು ಸೆಮಿಸ್ಟರಿನ ಬಹುಭಾಗ ಇಷ್ಟರಲ್ಲಿ ಅಡಗುತ್ತದೆ. ಎಡಗಡೆ ತಾರೀಖು, ಅದರ ಮುಂದೆ ಕಾಲೇಜಿನ ಕೆಲಸ. ಇದು ಕದಲದ ಪಟ್ಟಿ. ಅದೇ ಗೆರೆಯ ಇನ್ನೊಂದು ಹಾಳೆಯಿಂದ ಮೂರು ಬೆರಳಗಲದ ತುಂಡು ಕತ್ತರಿಸಿ, ತಾರೀಖಿಲ್ಲದೆ ೧ರಿಂದ ೨೪ರವರೆಗೆ ಎಣಿಕೆ ಬರೆದೆ. ಚಾಕಿ ತರುವ ದಿನ ೧, ಹಣ್ಣಾಗುವ ದಿನ ೧೮, ಗೂಡು ಬಿಡಿಸುವ ದಿನ ೨೩, ಮಾರುಕಟ್ಟೆ ೨೪. ಅವ್ವನಿಗೆ ಅಕ್ಷರ ಬಾರದು, ಗೀಟು ಬರುತ್ತದೆ. ಆದುದರಿಂದ ಮೇಯುವ ದಿನಕ್ಕೆ ಹಸುರು ಗೀಟು, ಜ್ವರದ ದಿನಕ್ಕೆ ಬರಿಯ ಸೊನ್ನೆ, ಕೊನೆಯ ಎಂಟು ದಿನಕ್ಕೆ ದಪ್ಪ ಹಸುರು, ಪರೀಕ್ಷೆಯ ದಿನಕ್ಕೆ ಕೆಂಪು. ಇದು ಕದಲುವ ಪಟ್ಟಿ. ಇದನ್ನು ಉದ್ದನೆಯ ಪಟ್ಟಿಯ ಪಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ಸರಿಸಿದರೆ ಹುಳುವಿನ ಯಾವ ದಿನ ಕಾಲೇಜಿನ ಯಾವ ದಿನಕ್ಕೆ ಬೀಳುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಉಳಿದ ಬಿಡಿ ಹಾಳೆಗಳಿಗೆ ತೂತು ಮಾಡಿ ಟ್ಯಾಗಿನಲ್ಲಿ ಪೋಣಿಸಿದೆ. ಹಳೆಯ ಕ್ಯಾಲೆಂಡರಿನ ರಟ್ಟು ಹೊದಿಕೆಯಾಯಿತು.

ಬಿಡಿ ಹಾಳೆಗಳ ದಿನಚರಿಯೇನೂ ಹೊಸದಲ್ಲ. ೧೯೨೧ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕಂಪೆನಿಯೊಂದು ಉಂಗುರಗಳಿಗೆ ಪೋಣಿಸಿದ ಇಂಥ ಪುಸ್ತಕಗಳನ್ನು ಮಾರಿತು. ಅದಕ್ಕೆ 'ಫೈಲೊಫ್ಯಾಕ್ಸ್' ಎಂಬ ಹೆಸರಿಟ್ಟವಳು ಆ ಕಂಪೆನಿಯಲ್ಲಿ ಸೆಕ್ರೆಟರಿಯಾಗಿದ್ದ ಗ್ರೇಸ್ ಸ್ಕರ್. ೧೯೪೦ರಲ್ಲಿ ಬಾಂಬು ಬಿದ್ದು ಕಚೇರಿ ನಾಶವಾದಾಗ, ಆಕೆ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ ಗಿರಾಕಿಗಳ ವಿವರಗಳಿಂದಲೇ ವ್ಯಾಪಾರ ಮತ್ತೆ ಎದ್ದು ನಿಂತಿತಂತೆ. ನನ್ನ ರಟ್ಟಿನ ಪುಸ್ತಕಕ್ಕೆ ಅಂಥ ಪರಾಕ್ರಮವಿಲ್ಲ. ಆದರೆ ಅದಕ್ಕೂ ಒಂದು ಪರೀಕ್ಷೆ ಬಂದಿತು.

ಐದನೆಯ ಸೆಮಿಸ್ಟರಿನಲ್ಲಿ ಅಪ್ಪ ೧೫೦ ಮೊಟ್ಟೆಯ ಚಾಕಿಗೆ ಹೇಳುವುದರಲ್ಲಿದ್ದರು. ಯಾವತ್ತು ತರುತ್ತಾರೆಂದು ಕೇಳಿ ಪಟ್ಟಿಯನ್ನು ಆ ದಿನಕ್ಕೆ ಹೊಂದಿಸಿದೆ. ಅದು ೮೭ನೆಯ ಗೆರೆ. ಪರೀಕ್ಷೆ ಮೊದಲಾಗುವುದು ೯೯ಕ್ಕೆ. ದಪ್ಪ ಹಸುರೆಲ್ಲ ಹೋಗಿ ಕೆಂಪಿನ ಪಕ್ಕದಲ್ಲೇ ಕುಳಿತಿತು. ನೆಲದ ಮೇಲೆ ಹಾಸಿದ ಕಾಗದವನ್ನು ಅಪ್ಪ ಬಗ್ಗಿ ನೋಡಿದರು.

"ಏನಮ್ಮಾ ಇದು, ಜಾತ್ಕ ಬರೆದಂಗದೆ?"

"ಹುಳದ ಜಾತ್ಕ ಅಪ್ಪ. ನಂದೂ ಪಕ್ಕದಲ್ಲೇ ಅದೆ ನೋಡು."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ತೋರುಬೆರಳಿನಿಂದ ಪಟ್ಟಿಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿದರು. ಪರೀಕ್ಷೆ ಮುಗಿಯುವವರೆಗೆ ಕಾದರೆ ಸೊಪ್ಪು ಬಲಿತುಹೋಗುತ್ತದೆ. ಎಳೆಯ ಹುಳುವಿಗೆ ಆಗದು. ಮೇಲಕ್ಕೆ ಸರಿಸಿದರು. ಹನ್ನೆರಡು ಗೆರೆ ಮೇಲೆ, ೭೫ಕ್ಕೆ ಇಟ್ಟರೆ ೨೪ನೆಯ ದಿನ ೯೮ಕ್ಕೆ ಬರುತ್ತದೆ. ಪರೀಕ್ಷೆಗೆ ಹಿಂದಿನ ದಿನ. ಆದರೆ ತೋಟದಲ್ಲಿ ಸೊಪ್ಪು ಇನ್ನೂ ತುಂಬಿರುವುದಿಲ್ಲ. ೧೫೦ ಮೊಟ್ಟೆಗೆ ಸಾಲದು, ನೂರಕ್ಕೆ ಸಾಕಾದೀತು. ಮೂರರಲ್ಲೊಂದು ಪಾಲು ಆದಾಯ ಹೋಯಿತೆಂದೇ ಅರ್ಥ. ತಮ್ಮನ ಫೀಸು ಆ ಬೆಳೆಯ ಮೇಲೆ ನಿಂತಿತ್ತು. ನಾನು ಬಾಯಿ ಬಿಡಲಿಲ್ಲ. ಬಿಡುವ ಅಧಿಕಾರ ನನಗಿದೆಯೆಂದೂ ತೋರಲಿಲ್ಲ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹುಳುವಿಗಾಗಿ ಮದುವೆಗಳಿಗೆ ಹೋಗದೆ ಇದ್ದದ್ದುಂಟು, ಹಬ್ಬ ಮುಂದಕ್ಕೆ ಹೋದದ್ದುಂಟು. ಯಾವುದೊಂದಕ್ಕಾಗಿಯೂ ಹುಳು ಹಿಂದೆ ಮುಂದೆ ಸರಿದದ್ದಿಲ್ಲ.

ಒಲೆಯ ಮುಂದಿದ್ದ ಅವ್ವ ಅಲ್ಲಿಂದಲೇ ಹೇಳಿದಳು: "ನೂರೇ ಹಾಕಣ. ಹುಳ ವರ್ಷಕ್ಕೆ ಐದು ಸಲ ಬರ್ತವೆ. ಇವಳ ಪರೀಕ್ಷೆ ಐದು ಸಲ ಬರ್ತದಾ?"

ಅಪ್ಪ ಮಾತನಾಡದೆ ಪಟ್ಟಿಯನ್ನು ೭೫ರಲ್ಲಿಟ್ಟು, ಅಲುಗದಂತೆ ಅದರ ಮೇಲೆ ತಮ್ಮ ಬೀಡಿಕಟ್ಟನ್ನಿಟ್ಟರು. ಅದೇ ಒಪ್ಪಿಗೆ.

ಆ ಸಲ ಚಳಿ ಹೆಚ್ಚಾಗಿ ಹುಳು ಒಂದು ದಿನ ತಡವಾಗಿ ಹಣ್ಣಾಯಿತು. ಪಟ್ಟಿಯನ್ನು ಒಂದು ಗೆರೆ ಕೆಳಕ್ಕೆ ಸರಿಸಿದ್ದಾಯಿತು; ಹೊಡೆದುಹಾಕಿ ಬರೆಯುವ ಪ್ರಮೇಯ ಬರಲಿಲ್ಲ. ಗೂಡು ಬಿಡಿಸುವ ದಿನ ಅವ್ವ ನೆರೆಯ ಹೆಂಗಸರನ್ನು ಕರೆದುಕೊಂಡು, ನನ್ನನ್ನು ಪುಸ್ತಕದ ಮುಂದೆ ಕೂರಿಸಿದಳು. ಮಾರನೆಯ ಬೆಳಗ್ಗೆ ಅಪ್ಪ ಗೂಡಿನ ಮೂಟೆಗಳೊಡನೆ ಶಿಡ್ಲಘಟ್ಟದ ಮಾರುಕಟ್ಟೆಗೆ, ನಾನು ಹಾಲ್ ಟಿಕೆಟ್ಟಿನೊಡನೆ ಕಾಲೇಜಿಗೆ ಹೊರಟೆವು. ತಮ್ಮನ ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದೆವು. ನಾನು ಎಲ್ಲ ವಿಷಯಗಳಲ್ಲಿಯೂ ಪಾಸಾದೆ. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ಅಪ್ಪ ಇದುವರೆಗೆ ಹೇಳಿಲ್ಲ. ಆರನೆಯ ಸೆಮಿಸ್ಟರಿಗೆ ಹಾಳೆ ಅಂಟಿಸುವಾಗ ಮಾತ್ರ ತಾವೇ ಬಂದು ತುದಿಯನ್ನು ಹಿಡಿದುಕೊಂಡರು.

ಮೊನ್ನೆ ಊರಿಗೆ ಬಂದಿದ್ದ ಸೋದರಮಾವ ಈ ಕಾಗದವನ್ನು ನೋಡಿ, "ಎಲ್ಲಾ ಅದೆ, ಲಗ್ನದ ಗೆರೆ ಎಲ್ಲಮ್ಮಾ?" ಎಂದರು. ಎಲ್ಲರೂ ನಕ್ಕರು. ೧೧೨ನೆಯ ಗೆರೆಯ ಆಚೆಗೆ ಹಾಳೆ ಇಲ್ಲವೆಂಬುದು ನಿಜ. ಎಂ. ಎ. ಅರ್ಜಿಯ ಕೊನೆಯ ದಿನ ಅಲ್ಲಿ ಬರಬೇಕೆಂಬುದು ನನ್ನ ಆಸೆ; ಮಾವನಿಗೆ ಬೇರೆ ಆಸೆಯಿದೆ. ಕದಲುವ ಪಟ್ಟಿಗಳು ನಮ್ಮ ಮನೆಯಲ್ಲಿ ಇನ್ನೂ ಉಂಟೆಂದು ತಿಳಿದ ಮೇಲೆ ನನಗೆ ಮೊದಲಿನಷ್ಟು ಭಯವಿಲ್ಲ. ಆ ಮಾತುಕತೆಯೂ ನೆಲದ ಮೇಲೆ ಕಾಗದ ಹಾಸಿಯೇ ಆಗಲಿ.

ಕಿರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮಲ್ಲಿ ಹಲವರು ಮನೆಗೆ ಮೊದಲ ಪದವೀಧರರಾಗತಕ್ಕವರು. ನಮ್ಮ ಮನೆಗಳಲ್ಲಿ ಹೊತ್ತಿಗೆ ಲೆಕ್ಕವಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕವಿದೆ, ಒಬ್ಬರಲ್ಲಿ ಜ್ವರದ್ದು, ಒಬ್ಬರಲ್ಲಿ ಮಳೆ ನಕ್ಷತ್ರದ್ದು, ಒಬ್ಬರಲ್ಲಿ ವಾರದ ಸಂತೆಯದು, ಒಬ್ಬರಲ್ಲಿ ಬಟವಾಡೆಯ ಶನಿವಾರದ್ದು. ಅಂಗಡಿಯಿಂದ ದಿನಚರಿ ಕೊಳ್ಳುವುದಕ್ಕೆ ಮುಂಚೆ ನಿಮ್ಮ ಮನೆಯವರು ದಿನವನ್ನು ಯಾವುದರಿಂದ ಎಣಿಸುತ್ತಾರೆಂದು ಕೇಳಿಕೊಳ್ಳಿ. ಗೆರೆ ಎಳೆಯುವುದು ಆಮೇಲೆ.

— ಅಂತಿಮ ಬಿ. ಎ. ವಿದ್ಯಾರ್ಥಿನಿ