ಬೀಗರ ಕಟ್ಟಿಗೆ ಮನೆಯಲ್ಲಿ ಕ್ರಿಸ್‌ಮಸ್

ಬೀಗರ ಮನೆಗೆ ಹೊರಡುವುದೆಂದರೆ ನಮ್ಮ ಬಾಗಲಕೋಟೆ ಕಡೆ ಎರಡು ದಿನ ಮೊದಲೇ ಸಡಗರ. ರೊಟ್ಟಿ ಬಡಿಯಬೇಕು, ಚಟ್ನಿಪುಡಿ ಕುಟ್ಟಬೇಕು, ಬೀಗಿತ್ತಿಗೆ ಸೀರೆ ತೆಗೆದಿಡಬೇಕು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಬೀಗರು ಅಮೆರಿಕದವರಾಗಿ, ಕರೆದದ್ದು ಕ್ರಿಸ್‌ಮಸ್ ಹಬ್ಬಕ್ಕಾಗಿ, ಇಳಿದುಕೊಳ್ಳುವ ಮನೆ ಕಾಡಿನ ನಡುವೆ ಇದ್ದರೆ ಹೇಗಿರುತ್ತದೆ? 2021ರ ಡಿಸೆಂಬರಿನಲ್ಲಿ ಗುಡೂರಿನಿಂದ ಹಾಗೆ ಹೋಗಿಬಂದೆ. ಆ ಸಂಗತಿ ಹೇಳುತ್ತೇನೆ, ಕೇಳಿ.

ನನ್ನ ಮಗ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದಾನೆ. ಮೊಮ್ಮಗಳು ಹುಟ್ಟಿದ್ದು ಕೊರೊನಾ ಕಾಲದಲ್ಲಿ. ಸೊಸೆಯ ಬಾಣಂತನ ಮಾಡಿದವರು ಆಕೆಯ ತಾಯಿ. ನಾನು ಕೂಸನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಭಾರತದಿಂದ ಹೋಗುವವರಿಗೆ ಹಾಕಿದ್ದ ತಡೆಯನ್ನು ಅಮೆರಿಕ ಸರ್ಕಾರ 2021ರ ನವೆಂಬರ್ 8ರಂದು ತೆಗೆಯಿತು. ಅಷ್ಟರಲ್ಲಿ ಕೂಸಿಗೆ ವರ್ಷ ತುಂಬಿ ಎರಡು ತಿಂಗಳಾಗಿತ್ತು. ಇಲ್ಲಿ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ನಾನು ವಿಮಾನ ಹತ್ತಿದೆ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು, ಬೀಗಿತ್ತಿಗೊಂದು ಇಳಕಲ್ ಸೀರೆ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಲೇಕ್ ಟಾಹೊ ಎಂಬ ಸರೋವರಕ್ಕೆ ಸುಮಾರು 320 ಕಿಲೋಮೀಟರು. ಸಿಯೆರಾ ನೆವಾಡಾ ಪರ್ವತಗಳ ನಡುವೆ, ಸಮುದ್ರ ಮಟ್ಟದಿಂದ 1,900 ಮೀಟರು ಎತ್ತರದಲ್ಲಿ ಇದೆ. ಆಳ 501 ಮೀಟರು. ಇಷ್ಟು ಆಳ ಇರುವುದರಿಂದಲೇ ಎಂಥ ಚಳಿಯಲ್ಲೂ ಇಡೀ ಸರೋವರ ಹೆಪ್ಪುಗಟ್ಟುವುದಿಲ್ಲ. ಸುತ್ತ ಎಲ್ಲ ಬೆಳ್ಳಗೆ, ನಡುವೆ ನೀಲಿ ನೀರು. ಘಾಟಿಯಲ್ಲಿ ಹಿಮ ಬೀಳುತ್ತಿದ್ದರೆ ಎಷ್ಟೋ ಕಾರುಗಳು ಚಕ್ರಕ್ಕೆ ಕಬ್ಬಿಣದ ಸರಪಳಿ ಕಟ್ಟಿಯೇ ಮುಂದೆ ಹೋಗಬೇಕು. ಡಾನರ್ ಪಾಸ್ ಎಂಬ ಆ ಘಾಟಿಗೆ ಹೆಸರು ಬಂದದ್ದೇ 1846ರ ಚಳಿಗಾಲದಲ್ಲಿ ಗಾಡಿ ಕಟ್ಟಿಕೊಂಡು ಬಂದು ಅಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಕುಟುಂಬಗಳಿಂದ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಲಿಲ್ಲ. ಮಗ ಇದನ್ನು ಹೇಳುತ್ತಿದ್ದರೆ ನಾನು ಸೆರಗು ಬಿಗಿ ಹಿಡಿದು ಕೂತಿದ್ದೆ.

ಬೀಗರ ಮನೆಯನ್ನು ಅವರು ಕ್ಯಾಬಿನ್ ಅನ್ನುತ್ತಾರೆ. ಪೂರಾ ಕಟ್ಟಿಗೆಯ ಮನೆ, ಹಿಮ ಜಾರಿ ಬೀಳಲೆಂದು ಕಡಿದಾದ ಮಾಡು. ನೆರೆಮನೆ ಕಣ್ಣಿಗೆ ಬೀಳುವಷ್ಟು ಹತ್ತಿರ ಇಲ್ಲ. ಕರಡಿ ಬಂದು ಕೆದರುತ್ತದೆಂದು ಕಸವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಅಗುಳಿ ಜಡಿಯುತ್ತಾರೆ. ಕೊಳವೆಯ ನೀರು ಕಲ್ಲಾಗದಿರಲೆಂದು ರಾತ್ರಿ ನಲ್ಲಿಯನ್ನು ಹನಿ ಹನಿ ಬಿಟ್ಟಿರುತ್ತಾರೆ. ನಾವಾದರೆ ನಲ್ಲಿ ತೊಟ್ಟಿಕ್ಕಿದರೆ ಎದ್ದು ಹೋಗಿ ನಿಲ್ಲಿಸುವವರು!

ನಡುಮನೆಯಲ್ಲಿ ಫರ್ ಗಿಡ ನಿಲ್ಲಿಸಿ ದೀಪ ಹಚ್ಚಿದ್ದರು. ಒಲೆಯ ಮೇಲಿನ ಗೋಡೆಗೆ ಮನೆಮಂದಿಗೆಲ್ಲ ಒಂದೊಂದು ದೊಡ್ಡ ಕಾಲುಚೀಲ ತೂಗುಹಾಕಿದ್ದರು, ಅದರಲ್ಲಿ ಉಡುಗೊರೆ ತುಂಬುವುದು ಪದ್ಧತಿ. ಒಂದರ ಮೇಲೆ ನನ್ನ ಹೆಸರು ಹೊಲಿದಿತ್ತು. ಬೀಗಿತ್ತಿ ಕೈಯಾರೆ ಹೊಲಿದದ್ದಂತೆ. ಸಂತೋಷವಾಯಿತು. ಆದರೆ ಸಂಕಟ ಬೇರೆಯೇ ಇತ್ತು ನೋಡ್ರಿ. ಕೂಸು ನನ್ನ ಕಂಡರೆ ಚೀರುತ್ತಿತ್ತು. ಓಡಿಹೋಗಿ ಆ ಅಜ್ಜಿಯ ತೊಡೆ ಏರುತ್ತಿತ್ತು. ಹೆತ್ತ ಮಗನ ಕೂಸಿಗೆ ನಾನೇ ಹೊರಗಿನವಳು. ಇದನ್ನು ಯಾರ ಮುಂದೆ ಹೇಳುವುದು?

25ರ ಊಟ ಮುಗಿಯಿತು. ಆ ತಿಂಗಳು ಡಾನರ್ ಪಾಸಿನಲ್ಲಿ ಬಿದ್ದ ಹಿಮ 1970ರ ಡಿಸೆಂಬರಿನ ದಾಖಲೆಯನ್ನೇ ಮುರಿಯಿತು. ಹೆದ್ದಾರಿ ಕೆಲವು ದಿನ ಮುಚ್ಚಿತು. ನಮ್ಮಲ್ಲಿ ಕರೆಂಟೂ ಹೋಯಿತು, ಫೋನೂ ಸತ್ತಿತು. ಉಳಿದದ್ದು ನಡುಮನೆಯ ಕಟ್ಟಿಗೆ ಒಲೆಯೊಂದೇ. ಆ ಎತ್ತರದಲ್ಲಿ ನೀರು 94 ಡಿಗ್ರಿ ಹತ್ತಿರವೇ ಕುದಿಯುವುದರಿಂದ ಬೇಳೆ ಎಷ್ಟು ಕುದಿಸಿದರೂ ಬೇಯಲೊಲ್ಲದು. ಕುಕ್ಕರ್ ಇಟ್ಟರೇನೇ ಸರಿ. ನಾನು ಅವರ ದಪ್ಪ ಕಬ್ಬಿಣದ ಬಾಣಲೆಯನ್ನೇ ಹಂಚು ಮಾಡಿಕೊಂಡು, ಮಗ ತಂದಿಟ್ಟಿದ್ದ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತೆ. ಬೀಗಿತ್ತಿ ಒಲೆಗೆ ಕಟ್ಟಿಗೆ ಹಾಕುತ್ತ ಪಕ್ಕದಲ್ಲೇ ಕೂತರು. ಟಪ ಟಪ ಸದ್ದಿಗೆ ಕೂಸು ತೆವಳುತ್ತ ಬಂತು. ಹಾಲಲ್ಲಿ ನೆನೆಸಿದ ರೊಟ್ಟಿಯ ತುಣುಕು ಬಾಯಿಗಿಟ್ಟೆ. ನುಂಗಿ ಮತ್ತೆ ಬಾಯಿ ತೆರೆಯಿತು.

ಆಗ ಬೀಗಿತ್ತಿ ಏನೋ ಕೇಳಿದರು. ಸೊಸೆ ಸುಮ್ಮನಾದಳು. ಮಗನೇ ಹೇಳಿದ: “ಅವ್ವಾ, ನಾವು ಕೂಸಿನ ಕರಕೊಂಡು ಗುಡೂರಿಗೆ ಬರ್ತೀವಲ್ಲ, ಅಲ್ಲಿ ದವಾಖಾನಿ ಎಷ್ಟು ದೂರ ಅಂತ ಕೇಳಾಕತ್ತಾರ. ಅಲ್ಲೇ ಉಳಿದುಬಿಟ್ರ ಹೆಂಗಪ್ಪಾ ಅಂತ ಅವರಿಗೆ ಚಿಂತಿ ಐತಿ.”

ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ಇಷ್ಟು ದಿನ ಕೂಸನ್ನು ಅವರು ಇಟ್ಟುಕೊಂಡಿದ್ದಾರೆಂದು ನನಗೆ ಸಂಕಟ. ನಾನು ಕಿತ್ತುಕೊಳ್ಳುತ್ತೇನೆಂದು ಅವರಿಗೆ ಭಯ. “ಇಳಕಲ್ಲದಾಗ ದವಾಖಾನಿ ಅದಾವು, ಬಾಗಲಕೋಟಿಯೊಳಗ ದೊಡ್ಡವು ಅದಾವು, ನೀವೂ ಕೂಡೇ ಬರ್ರಿ ಅಂತ ಹೇಳು” ಅಂದೆ. ಸೀರೆ ತಂದು ಅಂದೇ ಅವರ ಮೈಮೇಲೆ ಹೊದಿಸಿದೆ. ಕೆಂಪು ಸೆರಗನ್ನು ದೀಪದ ಹತ್ತಿರ ಹಿಡಿದು ಅದರ ಬಿಳಿ ತೆನೆಗಳನ್ನು ಒಂದೊಂದಾಗಿ ಸವರಿ ನೋಡಿದರು.

ನಿಮ್ಮಲ್ಲಿ ಯಾರಾದರೂ ಇಂಥ ಕಡೆ ಹೊರಟಿದ್ದರೆ ನಾಲ್ಕು ಮಾತು. ಹಣ್ಣು, ತರಕಾರಿ, ಬಿತ್ತನೆ ಬೀಜ ಒಯ್ಯಬೇಡಿ, ಒಯ್ದ ತಿನಿಸನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳಿಗೆ ತಿಳಿಸಿರಿ. ಕಡಕ್ ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಸೀರೆಯ ಒಳಗೆ ಉಣ್ಣೆಯ ಪಾಯಿಜಾಮ, ಕಾಲಿಗೆ ಬೂಟು ಹಾಕಿ, ಯಾರೂ ನಗುವುದಿಲ್ಲ. ಸಣ್ಣ ಕುಕ್ಕರೊಂದು ಚೀಲದಲ್ಲಿರಲಿ. ಭಾಷೆ ಬರುವುದಿಲ್ಲವೆಂದು ಮಾತ್ರ ಹಿಂಜರಿಯಬೇಡಿ. ಅಡುಗೆ ಮನೆಯೊಳಗೆ ಹೋಗಿ ಒಲೆಯ ಮುಂದೆ ಕೂತುಬಿಡಿ, ಮುಂದಿನದು ತಾನೇ ನಡೆಯುತ್ತದೆ.