ಹಿಂದಿನವರಿಗೆ ಕಾಣುವಷ್ಟು ಕೆಂಪು

ಬೆಳಗಿನ ನಾಲ್ಕೂಮುಕ್ಕಾಲು. ಪಾಂಡವಪುರ ಸೀಮೆಯ ನನ್ನ ಸೋದರಮಾವನ ಮನೆ ಮುಂದೆ, ಕಂಬದ ಬಲ್ಬಿನ ಕೆಳಗೆ ಎಕ್ಸೆಲ್ ಮೊಪೆಡ್ ನಿಂತಿದೆ. ಒದ್ದೆ ಗೋಣಿಚೀಲಗಳಿಂದ ನೀರು ತೊಟ್ಟಿಕ್ಕಿ ಮಣ್ಣಿನಲ್ಲಿ ಕಪ್ಪು ಮಚ್ಚೆಗಳು ಮೂಡುತ್ತಿವೆ. ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ ಮೂರರ ಘಮಲೂ ಡಿಸೆಂಬರಿನ ಚಳಿಯೊಳಗೆ ಸೇರಿ ಮೂಗಿಗೆ ಹತ್ತುತ್ತಿದೆ. ಆರೂವರೆಯ ಒಳಗೆ ಮಂಡ್ಯದ ಮಾರುಕಟ್ಟೆ ಮುಟ್ಟಬೇಕು. ಬಿಸಿಲೇರಿದ ಮೇಲೆ ಸೊಪ್ಪನ್ನು ಕೇಳುವವರಿಲ್ಲ. ಮಾವನಿಗೆ ಹೋದ ವಾರ ಕಣ್ಣಿನ ಪೊರೆ ತೆಗೆಸಿದೆ. ಅವನ ಕಣ್ಣು ಹದಕ್ಕೆ ಬರುವ ತನಕ ಗಾಡಿ ಓಡಿಸುವ ಕೆಲಸ ನನ್ನದು.

ಟ್ಯೂಬಿನ ಹಗ್ಗ ಬಿಗಿದು, ಕೊನೆಯ ಗಂಟು ಹಾಕಿ, ಕಿಕ್ ಹೊಡೆಯುತ್ತೇನೆ. ಮುಂದಿನ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. 2017ರ ಏಪ್ರಿಲ್‌ನಿಂದ ಬಂದ ಹೊಸ ದ್ವಿಚಕ್ರ ಗಾಡಿಗಳೆಲ್ಲ ಹಗಲೂ ದೀಪ ಉರಿಸಿಕೊಂಡೇ ಓಡುತ್ತವೆ. ಇದು 2018ರ ಗಾಡಿ.

"ಹೋಗು, ಹಿಂದೆ ಹತ್ತು ಹೆಜ್ಜೆ ನಡ್ಕಂಡೋಗಿ ನೋಡು. ಕೆಂಪು ದೀಪ ಕಾಣ್ತದಾ?" ಮಾವ ಹ್ಯಾಂಡಲ್ ಹಿಡಿದು ನಿಂತಿದ್ದಾನೆ.

ಹೋಗಿ ತಿರುಗಿ ನೋಡುತ್ತೇನೆ. ಕಾಣುವುದು ಒಂದು ದೊಡ್ಡ ಕಪ್ಪು ಗುಡ್ಡೆ. ಅದರ ಆಚೆ ಎಲ್ಲೋ ಎಂಜಿನ್ನಿನ ಸದ್ದು. ಕೆಂಪಿನ ಸುಳಿವೇ ಇಲ್ಲ. ಮೇಲಿನ ಚೀಲ ಜಾರಿ ದೀಪವನ್ನೂ ನಂಬರ್ ಪ್ಲೇಟನ್ನೂ ಎರಡು ಇಂಡಿಕೇಟರನ್ನೂ ನುಂಗಿಬಿಟ್ಟಿದೆ.

"ಇಲ್ಲ ಮಾವ."

"ಹಂಗಾರೆ ಬಿಚ್ಚು."

ಬಿಚ್ಚಿ ಮತ್ತೆ ಕಟ್ಟುತ್ತೇವೆ. ಹೊತ್ತಾಗುತ್ತಿದೆ ಎಂದು ನನ್ನ ಕೈ ಅವಸರಪಡುತ್ತದೆ, ಮಾವನ ಕೈ ಪಡುವುದಿಲ್ಲ. ಎರಡು ವರ್ಷದ ಹಿಂದೆ, ಇಂಥದೇ ಒಂದು ಬೆಳಗ್ಗೆ, ಹಿಂದಿನಿಂದ ಬಂದ ಗೂಡ್ಸ್ ಗಾಡಿಯೊಂದು ಅವನನ್ನು ಸವರಿಕೊಂಡು ಹೋಯಿತು. ಎಡಗಾಲಿನ ಮೂಳೆ ಮುರಿದು, ರಾಡು ಹಾಕಿಸಿಕೊಂಡು ಆರು ತಿಂಗಳು ಜಗಲಿ ಮೇಲೆ ಕೂತ. ಆ ಡ್ರೈವರ್ ಓಡಿಹೋಗಲಿಲ್ಲ. ಇಳಿದು ಬಂದು, ನಡುಗುತ್ತ, "ಅಣ್ಣ, ನೀವು ಕಾಣ್ಲೇ ಇಲ್ಲ" ಎಂದನಂತೆ. ಮಾವ ಇವತ್ತಿಗೂ ಆ ಮಾತು ಸುಳ್ಳೆಂದು ಹೇಳಿಲ್ಲ. ಅಂದಿನಿಂದ ಈ ಹತ್ತು ಹೆಜ್ಜೆಯ ಪರೀಕ್ಷೆ ತಪ್ಪಿದ ದಿನವಿಲ್ಲ.

ಹೊರೆ ಕಟ್ಟುವುದರಲ್ಲೂ ಅವನದೊಂದು ಲೆಕ್ಕವಿದೆ. ಎಕ್ಸೆಲ್ ಗಾಡಿಯ ತೂಕವೇ 90 ಕಿಲೋದೊಳಗೆ. ಸವಾರನೂ ಸೇರಿ 130 ಕಿಲೋ ಹೊರಬಹುದು ಎಂದು ತಯಾರಕರ ಲೆಕ್ಕ. ನಾನು 62 ಕಿಲೋ ಇದ್ದೇನೆ. ಸೊಪ್ಪಿಗೆ 68 ಕಿಲೋ ಉಳಿಯಿತು. ಭಾರದ ಚೀಲವೆಲ್ಲ ಕೆಳಗೆ: ಒಂದು ಮುಂದೆ ಕಾಲಿಡುವ ಜಾಗದಲ್ಲಿ, ಎರಡು ಹಿಂದೆ ಆಚೀಚೆ, ತೂಕ ಸಮನಾಗಿ. ಹಗುರದ್ದು ಮಾತ್ರ ಸೀಟಿನ ಮೇಲೆ. ಹಿಂದೆ ಭಾರ ಹೆಚ್ಚಿದರೆ ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುವುದಿಲ್ಲ, ಹ್ಯಾಂಡಲ್ ಕೈಯಲ್ಲಿ ತೇಲುತ್ತದೆ. ಭಾರ ಮೇಲಿದ್ದರೆ ತಿರುವಿನಲ್ಲಿ ಗಾಡಿ ನಮ್ಮನ್ನೇ ಎಳೆದೊಯ್ಯುತ್ತದೆ. ಹಗ್ಗದ ತುದಿ ಜೋತಾಡಿದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಮಾವ ತುದಿಗಳನ್ನು ಹುಡುಕಿ ಹುಡುಕಿ ಒಳಗೆ ಸಿಕ್ಕಿಸುತ್ತಾನೆ. ಆಮೇಲೆ ಜೇಬಿನಿಂದ ಹೊಳೆಯುವ ಕೆಂಪು ಸ್ಟಿಕ್ಕರಿನ ಸುರುಳಿ ತೆಗೆದು, ಹಿಂದಿನ ಚೀಲಕ್ಕೆ ಹೊಲಿದ ಬಟ್ಟೆಪಟ್ಟಿಯ ಮೇಲೆ ಅಂಗೈಯಗಲ ಅಂಟಿಸುತ್ತಾನೆ.

ಮತ್ತೆ ಹತ್ತು ಹೆಜ್ಜೆ. ಈ ಸಲ ಕೆಂಪು ಕಾಣುತ್ತದೆ.

"ತಲೆಗೆ ಹಾಕು." ಐಎಸ್‌ಐ ಗುರುತಿನ ಹೆಲ್ಮೆಟ್. ಬಕಲ್ ಟಕ್ಕೆನ್ನುವ ತನಕ ಅವನು ನನ್ನ ಗದ್ದವನ್ನೇ ನೋಡುತ್ತಿರುತ್ತಾನೆ. ಪಟ್ಟಿ ಹಾಕದ ಹೆಲ್ಮೆಟ್ಟು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುವಂತೆ 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಜನ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಹಿಂದಿನ ಸವಾರರಿಗೂ ಹೆಲ್ಮೆಟ್ ಬೇಕೆಂಬ ಕಟ್ಟಳೆ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಇದೆ. ಆದರೂ ನಮ್ಮೂರ ಕಡೆ ಗಂಡ ಹೆಲ್ಮೆಟ್ ಹಾಕಿ, ಹೆಂಡತಿ ಸೆರಗು ಹೊದ್ದು, ನಡುವೆ ಮಗು ಬರಿತಲೆಯಲ್ಲಿ ಕೂತು ಹೋಗುವುದನ್ನು ದಿನಾ ನೋಡುತ್ತೇನೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊರಟೆ.

ಊರ ಗಡಿ ದಾಟುತ್ತಲೇ ಕತ್ತಲು ಗಟ್ಟಿಯಾಗುತ್ತದೆ. ಮಂಜು ಗದ್ದೆಯಿಂದೆದ್ದು ರಸ್ತೆಗೆ ಅಡ್ಡಲಾಗಿ ಹರಿಯುತ್ತಿದೆ. ದೀಪದ ಬೆಳಕು ಇಪ್ಪತ್ತು ಇಪ್ಪತ್ತೈದು ಮೀಟರ್ ಹೋಗಿ ಬಿಳಿ ಗೋಡೆಗೆ ತಾಗಿ ನಿಲ್ಲುತ್ತದೆ. ಮುಳ್ಳು 30ರ ಮೇಲೆ ಹೋಗದಂತೆ ಹಿಡಿದಿದ್ದೇನೆ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು. ಎದುರಿಗೆ ಏನೋ ಕಂಡು, ಅದು ಏನೆಂದು ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಎಂಟು ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿಯುವುದು ಅದರ ಮೇಲಿನ ಮಾತು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. 60ರಲ್ಲಿ ಬಂದರೆ ಈ ದೀಪ ತೋರಿಸುವ ಜಾಗದೊಳಗೆ ಯಾರೂ ನಿಲ್ಲಿಸಲಾರರು.

ಕಲ್ಲು! ರಸ್ತೆಯ ಅರ್ಧಕ್ಕೆ ಸಾಲಾಗಿ ಇಟ್ಟಿದ್ದಾರೆ, ತೆಂಗಿನಕಾಯಿ ಗಾತ್ರದವು. ಅವುಗಳಾಚೆ ಹುರುಳಿಯ ರಾಶಿ, ಮೇಲೆ ಟಾರ್ಪಾಲು. ಎರಡೂ ಬ್ರೇಕನ್ನು ಒಟ್ಟಿಗೆ, ಹಿಂಡದೆ, ಒತ್ತುತ್ತ ಬರುತ್ತೇನೆ. ಮುಂದಿನದನ್ನು ಒಂದೇ ಏಟಿಗೆ ಹಿಡಿದರೆ ಮರಳಿನ ಮೇಲೆ ಚಕ್ರ ಜಾರುತ್ತದೆ. ಹಿಂದಿನದನ್ನೊಂದೇ ಹಿಡಿದರೆ ಹೊರೆಯ ಭಾರಕ್ಕೆ ಗಾಡಿ ನಿಲ್ಲುವುದೇ ಇಲ್ಲ. ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಒಂದಿಷ್ಟು ಹಿಡಿಯುವ ಏರ್ಪಾಟು 2019ರಿಂದೀಚಿನ ಇಂಥ ಗಾಡಿಗಳಲ್ಲಿದೆ. ನನ್ನ ಕೈಯಲ್ಲಿರುವುದು ಅದಕ್ಕೂ ಹಿಂದಿನದು. ಗಾಡಿ ನೆಟ್ಟಗೆ ಇದ್ದಂತೆಯೇ ನಿಧಾನವಾಗುತ್ತದೆ, ಕಲ್ಲಿನ ಸಾಲನ್ನು ಬಳಸಿ ಹೋಗುತ್ತೇನೆ. ಕಣದ ಜಾಗ ಮನೆಯಾಗಿ, ರಸ್ತೆ ಕಣವಾದ ಕಾಲವಿದು. ರೈತನ ಕಷ್ಟ ನನಗೂ ಗೊತ್ತು. ಒಕ್ಕಣೆ ಮುಗಿದ ಮೇಲೆ ಕಲ್ಲನ್ನಾದರೂ ಎತ್ತಿ ಬದಿಗೆ ಹಾಕಬೇಕು. ಹುರುಳಿ ಹೋದ ಮೇಲೂ ವಾರಗಟ್ಟಲೆ ಬಿದ್ದಿರುವ ಕಲ್ಲು ಯಾರನ್ನು ಕಾಯುತ್ತದೆ?

ಮುಂದೆ ನಾಲೆ ಏರಿ. ವಿಶ್ವೇಶ್ವರಯ್ಯ ನಾಲೆಯ ನೀರು ಬಲಗಡೆ ಕಾಣಿಸದೆ ಹರಿಯುತ್ತಿದೆ. ತಣ್ಣನೆಯ ಉಸಿರು ಮಾತ್ರ ಬಲಗೆನ್ನೆಗೆ ತಾಗುತ್ತದೆ. ಕೆಲವೆಡೆ ತಡೆಗೋಡೆ ಇದೆ, ಕೆಲವೆಡೆ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ಸತ್ತರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದು ನಡುಹಗಲು. ಈ ಏರಿ ಮೇಲೆ ಬಂದಾಗ ಯಾರೂ ಮಾತಾಡುವುದಿಲ್ಲ ಎಂದು ಮಾವ ಹೇಳುತ್ತಿದ್ದ. ನಾನೂ ಬಾಯಿ ಬಿಗಿದು, ಎಡಗಡೆಯ ಹುಲ್ಲಂಚಿನಿಂದ ಎರಡು ಮೊಳ ಒಳಗೆ, ಒಂದೇ ಗೆರೆಯಲ್ಲಿ ಹೋಗುತ್ತೇನೆ. ತೀರ ಅಂಚಿಗೆ ಅಂಟಿದರೆ ಡಾಂಬರು ಮುಗಿದಲ್ಲಿ ಚಕ್ರ ಇಳಿದು ಗಾಡಿ ಮಗುಚುತ್ತದೆ. ಎರಡು ಮೊಳ ಬಿಟ್ಟುಕೊಂಡರೆ ತಪ್ಪಿಸಿಕೊಳ್ಳಲು ಎಡಕ್ಕೆ ಜಾಗವಿರುತ್ತದೆ.

ಎದುರಿನಿಂದ ಲಾರಿ, ಹೈಬೀಮ್. ಕಣ್ಣು ಕುಕ್ಕಿ ಜಗತ್ತೇ ಮಾಯ. ದೀಪವನ್ನು ನೋಡದೆ ಎಡದಂಚನ್ನು ನೋಡುತ್ತೇನೆ, ಆಕ್ಸಿಲರೇಟರ್ ಬಿಡುತ್ತೇನೆ. ಲಾರಿ ಪಕ್ಕಕ್ಕೆ ಬರುತ್ತಲೇ ಗಾಳಿ ಮೊದಲು ಆಚೆ ನೂಕುತ್ತದೆ, ದಾಟುತ್ತಲೇ ಒಳಕ್ಕೆ ಸೆಳೆಯುತ್ತದೆ. ಹೊರೆ ತುಂಬಿದ ಗಾಡಿಗೆ ಆ ಏಟು ಇನ್ನೂ ಜೋರು. ಮೊಣಕಾಲಿನಿಂದ ಗಾಡಿಯನ್ನು ಅಮುಕಿ ಹಿಡಿದು, ಹ್ಯಾಂಡಲನ್ನು ಮಾತ್ರ ಸಡಿಲವಾಗಿ ಬಿಟ್ಟರೆ ಅದು ತಾನೇ ದಾರಿಗೆ ಬರುತ್ತದೆ.

ಏರಿ ಇಳಿದಾಗ ಬೆಲ್ಲದ ವಾಸನೆ. ಆಲೆಮನೆ ಎಲ್ಲೋ ಹತ್ತಿರದಲ್ಲೇ ಇದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಸಿಹಿ ಘಾಟು, ಒಲೆಗೆ ತುಂಬಿದ ಸಿಪ್ಪೆಯ ಹೊಗೆ. ಹೊಗೆ ಮಂಜಿಗೆ ಬೆರೆತು ಬೂದಿಬಣ್ಣದ ಪರದೆಯಾಗಿದೆ. ವೇಗ 20ಕ್ಕೆ ಇಳಿಸುತ್ತೇನೆ. ಏಕೋ, ಏನೂ ಕಾಣದಿದ್ದರೂ, ಮುಂದೆ ಯಾರೋ ಇದ್ದಾರೆ ಅನಿಸುತ್ತದೆ. ಒಣಗಿದ ಎಲೆಯ ಸರಸರ ಸದ್ದು. ನನ್ನ ದೀಪದ ಬೆಳಕಿನೊಳಕ್ಕೆ ಏನೋ ಚೂಪಾಗಿ ಚಾಚಿಕೊಂಡು ಬಂತು. ಕಬ್ಬಿನ ಜಲ್ಲೆಗಳು! ಮುಖದ ಎತ್ತರಕ್ಕೆ, ನೂರಾರು. ಟ್ರ್ಯಾಕ್ಟರ್ ಟ್ರೇಲರು. ಅದಕ್ಕೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಒಂದು ಕೆಂಪು ಬಟ್ಟೆಚೂರೂ ಇಲ್ಲ. ಎರಡೂ ಬ್ರೇಕ್. ಬೆನ್ನ ಹಿಂದಿನ ಹೊರೆ ನನ್ನನ್ನು ಮುಂದಕ್ಕೆ ದೂಡುತ್ತದೆ. ಚಕ್ರ ಕಿರಿಚಿ ನಿಂತಾಗ ಜಲ್ಲೆಯ ತುದಿಗೂ ನನಗೂ ನಡುವೆ ಒಂದು ಮಾರು ಇತ್ತು.

ಎದೆ ಹೊಡೆದುಕೊಳ್ಳುತ್ತಿದೆ. ಟ್ರ್ಯಾಕ್ಟರಿನವನಿಗೆ ಗೊತ್ತೇ ಇಲ್ಲ. ಅವನು ತನ್ನ ಪಾಡಿಗೆ ಪರದೆಯೊಳಗೆ ಸೇರಿಹೋದ. ನನಗೆ ಅವನು ಕಂಡಿರಲಿಲ್ಲ. ಮಾವನ ಕಾಲು ಮುರಿದವನು ನಡುಗುತ್ತ ಹೇಳಿದ್ದು ಇದನ್ನೇ. ಈ ಹೊತ್ತು, ಈ ಮಂಜಿನಲ್ಲಿ, ಆ ಮನುಷ್ಯನ ಜಾಗದಲ್ಲಿ ನಾನು ನಿಂತಿದ್ದೆ.

ಮಂಜು ತಿಳಿಯಾದಲ್ಲಿ ಆ ಟ್ರ್ಯಾಕ್ಟರನ್ನು ದಾಟಿ ಮುಂದೆ ಬಂದೆ. ಹೆದ್ದಾರಿ ಸೇರುವಲ್ಲಿ ಟೀ ಅಂಗಡಿ. ಕೈ ಬೆಚ್ಚಗಾಗಲೆಂದು ಲೋಟ ಹಿಡಿದು ನಿಂತಿರುವಾಗ ಅದೇ ಟ್ರ್ಯಾಕ್ಟರ್ ಬಂದು ನಿಂತಿತು. ನನ್ನ ವಯಸ್ಸಿನವನೇ, ತಲೆಗೆ ಟವೆಲು ಸುತ್ತಿದ್ದಾನೆ. ಜಗಳ ಬಾಯಿ ತುದಿಗೆ ಬಂದಿತ್ತು, ನುಂಗಿದೆ.

"ಅಣ್ಣ, ಹಿಂದೆ ಏನೂ ಕಾಣಲ್ಲ. ಈಗ ಏರಿ ಕೆಳಗೆ ಬಂದು ಗುದ್ದೋದ್ರಲ್ಲಿದ್ದೆ."

ಅವನು ಇಳಿದು ಬಂದು ಟ್ರೇಲರಿನ ಹಿಂದೆ ನಿಂತು ನೋಡಿದ. "ಲೈಟಿನ ವೈರು ಜಲ್ಲೆಗೆ ಸಿಕ್ಕಿ ಕಿತ್ತೋಯ್ತು ಅಣ್ಣ, ಮೂರು ದಿನ ಆಯ್ತು" ಎಂದ. ಮಾವ ಕೊಟ್ಟ ಸುರುಳಿಯಿಂದ ನಾಲ್ಕು ತುಂಡು ಕತ್ತರಿಸಿ, ಇಬ್ಬರೂ ಸೇರಿ ಟ್ರೇಲರಿನ ಕಬ್ಬಿಣದ ಮೂಲೆಗಳಿಗೆ ಒರೆಸಿ ಅಂಟಿಸಿದೆವು. ಟೀ ದುಡ್ಡು ಅವನೇ ಕೊಟ್ಟ.

ಅಲ್ಲಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆ. ನಡುವಿನ ಆರು ಪಥಗಳಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅನಿಸಿಕೆ. ನೂರರಲ್ಲಿ ಹೋಗುವ ಕಾರುಗಳ ನಡುವೆ ನಲವತ್ತರ ಗಾಡಿಗೆ ಉಳಿಗಾಲವಿಲ್ಲ. ಆದರೆ ಸರ್ವಿಸ್ ರಸ್ತೆ ಸುರಕ್ಷಿತ ಎಂದು ಕೈಬಿಟ್ಟು ಕೂರುವಂತಿಲ್ಲ. ಇಲ್ಲಿ ಎಮ್ಮೆ, ಸೈಕಲ್ಲು, ನಿಂತ ಲಾರಿ ಎಲ್ಲವೂ ಇವೆ. ಒಂದು ಕಿಲೋಮೀಟರ್ ಸುತ್ತು ಉಳಿಸಲೆಂದು ನನ್ನೆದುರಿಗೇ ಬರುವ ಬೈಕುಗಳೂ ಇವೆ. ಬೆಳಕು ಹರಿಯುತ್ತಿದೆ. ಬಲಗಡೆಯಿಂದ ಇನ್ನೊಂದು ಎಕ್ಸೆಲ್ ಭರ್ರೆಂದು ಹೋಗುತ್ತದೆ, ಮೇಲೆ ಹದಿನಾಲ್ಕರ ಹುಡುಗ, ಮುಂದೆ ಹಾಲಿನ ಕ್ಯಾನು. ಗೇರಿಲ್ಲದ 50 ಸಿಸಿ ಗಾಡಿಗಾದರೆ ಕಾನೂನಿನಲ್ಲಿ 16 ವರ್ಷ ಸಾಕು. ಈ ಎಕ್ಸೆಲ್ 99.7 ಸಿಸಿ, ಇದಕ್ಕೆ 18 ತುಂಬಿ ಲೈಸೆನ್ಸ್ ಇರಲೇಬೇಕು. ಆ ಹುಡುಗ ಸಿಕ್ಕಿಬಿದ್ದರೆ ಗಾಡಿ ಕೊಟ್ಟ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡ ಶಿಕ್ಷೆ ಏನೆಂದು ಹೆತ್ತವರಿಗೆ ಹೇಳಬೇಕಾಗಿಲ್ಲ.

ಮಂಡ್ಯದ ಊರೊಳಗೆ ಮಾರುಕಟ್ಟೆಗೆ ಬಲಕ್ಕೆ ತಿರುಗಬೇಕು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಎಡದಂಚಿನಲ್ಲಿ ಬಂದವರು ಒಮ್ಮೆಲೇ ಬಲಕ್ಕೆ ಹ್ಯಾಂಡಲ್ ತಿರುಗಿಸಿಬಿಡುತ್ತಾರೆ. ನಾನು ದೂರದಿಂದಲೇ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೆಗಲ ಮೇಲಿಂದ ತಿರುಗಿಯೂ ನೋಡುತ್ತೇನೆ. ಬಸ್ಸೊಂದು ಬಿಡದೆ ಬರುತ್ತಿದೆ. ಎಡಕ್ಕೇ ನಿಲ್ಲಿಸಿ, ಕಾಲೂರಿ, ಅದು ಹೋಗಲೆಂದು ಕಾಯುತ್ತೇನೆ. ಹತ್ತು ಸೆಕೆಂಡು ಹೋಯಿತು.

ಆರು ಗಂಟೆ ಇಪ್ಪತ್ತು ನಿಮಿಷ. ಚೀಲಗಳು ಇಳಿದವು, ಸೊಪ್ಪು ಒಣಗಿಲ್ಲ. ಮಾವನಿಗೆ ಫೋನ್ ಮಾಡಿದರೆ, ದರದ ಮಾತಿಗೆ ಮೊದಲು "ಬರೋವಾಗ ಹುರುಳಿ ಹಾಸಿರ್ತಾರೆ, ಹೊಟ್ಟಿನ ಮ್ಯಾಲೆ ಬ್ರೇಕ್ ಹಿಡೀಬ್ಯಾಡ, ಜಾರ್ತದೆ" ಎಂದ. ಹಿಂತಿರುಗುವಾಗ ಹಾಗೇ ಇತ್ತು. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳದಂತೆ ಇಳಿದು ತಳ್ಳಿಕೊಂಡೇ ದಾಟಿದೆ. ಕಲ್ಲು ಎತ್ತಿಡಿ ಎಂದಾಗ ಅಲ್ಲಿದ್ದ ಅಜ್ಜಿ ತಲೆಯಾಡಿಸಿದಳು. ಮಾರನೆಯ ದಿನ ಕಲ್ಲುಗಳಿರಲಿಲ್ಲ.

ಸೊಪ್ಪು, ಹಾಲು, ಹೂವು, ಹುಲ್ಲು ಹೇರಿಕೊಂಡು ಕತ್ತಲಲ್ಲಿ ಹೊರಡುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಹೊರೆ ಕಟ್ಟಿದ ಮೇಲೆ ಎಂಜಿನ್ ಚಾಲೂ ಮಾಡಿ, ಗಾಡಿಯ ಹಿಂದಕ್ಕೆ ಹತ್ತು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ. ಕೆಂಪು ದೀಪ ಕಾಣದಿದ್ದರೆ ಹಗ್ಗ ಬಿಚ್ಚಿ ಮತ್ತೆ ಕಟ್ಟಿ.