ಎದ್ದು ಹೋಗಲು ಬಿಡುವ ಆಟ

ಮೊದಲೇ ಹೇಳಿಬಿಡ್ತೀನಿ, ಇದು ವಿಡಿಯೋ ಗೇಮ್ ಬಿಟ್ಟು ಉದ್ಧಾರವಾದವನ ಬರಹ ಅಲ್ಲ. ನನಗೀಗ ಮೂವತ್ತಾರು. ಹೋಮ್ ಲೋನ್ ಇದೆ, ನಾಲ್ಕು ವರ್ಷದ ಮಗಳಿದ್ದಾಳೆ, ಸೊಂಟನೋವು ಶುರುವಾಗಿದೆ. ಆದರೂ ಆಡ್ತೀನಿ. ಬಿಟ್ಟಿರೋದು ಒಂದು ಜಾತಿಯ ಆಟಗಳನ್ನು ಮಾತ್ರ. ಯಾಕೆ ಅಂತ ಹೇಳಬೇಕಾದರೆ ಎರಡು ವರ್ಷದ ಹಿಂದಿನ ಒಂದು ಬುಧವಾರಕ್ಕೆ ಹೋಗಬೇಕು.

ಅವತ್ತು ರಾತ್ರಿ ಮಗಳು ಒಂಬತ್ತೂಕಾಲಿಗೇ ಮಲಗಿದ್ದಳು. ಹೆಂಡತಿ ಒಳಗಿನ ರೂಮಿನಲ್ಲಿ ಅಮೆರಿಕದ ಟೀಮಿನ ಜೊತೆ ಕಾಲ್‌ನಲ್ಲಿದ್ದಳು. ದಿನದಲ್ಲಿ ನನ್ನದು ಅಂತ ಉಳಿಯೋದು ಈ ಒಂದು ಗಂಟೆ. ಆಫೀಸಿನ ಮೂವರು ಗೆಳೆಯರ ಜೊತೆ ಮೊಬೈಲಿನಲ್ಲಿ ಗುಂಡು ಹಾರಿಸೋ ಆಟಕ್ಕೆ ಕೂತೆ. ಒಂದು ಮ್ಯಾಚ್ ಅಂದರೆ ಹೆಚ್ಚುಕಮ್ಮಿ ಅರ್ಧ ಗಂಟೆ. ಎದುರಿಗಿರೋರೂ ಮನುಷ್ಯರೇ ಆದ್ದರಿಂದ ನಡುವೆ ನಿಲ್ಲಿಸೋ ಹಾಗಿಲ್ಲ. ಎದ್ದರೆ ರ‍್ಯಾಂಕ್ ಬೀಳುತ್ತೆ, ಅದಕ್ಕಿಂತ ಹೆಚ್ಚಾಗಿ ಗೆಳೆಯರ ಬೈಗುಳ ಬೀಳುತ್ತೆ.

ಮ್ಯಾಚು ಅರ್ಧಕ್ಕೆ ಬಂದಾಗ ಸ್ಕ್ರೀನಿನ ಮೇಲೆ ‘ಮನೆ’ ಅಂತ ಬಂತು. ಊರಿನ ಲ್ಯಾಂಡ್‌ಲೈನ್. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಮೂರನೇ ಸಲ ಬಂದಾಗ ನಾನೊಂದು ಗೋಡೆಯ ಹಿಂದೆ ಅಡಗಿ ಕೂತಿದ್ದೆ, ಕಣದಲ್ಲಿ ಹತ್ತು ಜನ ಉಳಿದಿದ್ದರು. ಆಮೇಲೆ ಬರಲಿಲ್ಲ. ನಮ್ಮ ಟೀಮಿಗೆ ಎರಡನೇ ಸ್ಥಾನ ಸಿಕ್ಕಿತು. ಎರಡನೇ ಸ್ಥಾನ ಬಂದವನು ಎದ್ದು ಹೋಗಲ್ಲ, ಇನ್ನೊಂದು ಮ್ಯಾಚ್ ಆಡ್ತಾನೆ. ನಾನೂ ಆಡಿದೆ. ಊರಿಗೆ ಫೋನ್ ಮಾಡಿದಾಗ ಹನ್ನೊಂದು ಗಂಟೆ. ರಿಂಗಾಗಿ ರಿಂಗಾಗಿ ನಿಂತುಹೋಯಿತು.

ಬೆಳಿಗ್ಗೆ ಅಮ್ಮ ಹೇಳಿದಳು: “ಗೌರಿ ಹೋಯ್ತು ಮಾರಾಯ. ನಿನ್ನೆ ಮಧ್ಯಾಹ್ನದಿಂದ ಏಳ್ಲೇ ಇಲ್ಲ. ಅಪ್ಪಯ್ಯ ರಾತ್ರಿಯಿಡೀ ಕೊಟ್ಟಿಗೆಯಲ್ಲೇ ಇದ್ರು.”

ಗೌರಿ ನಮ್ಮನೆ ದನ. ನಾನು ಬಿಇ ಮುಗಿಸಿ, ಕಂಪನಿಯವರು ಯಾವಾಗ ಕರೀತಾರೋ ಅಂತ ಮನೆಯಲ್ಲಿ ಕಾಯ್ತಾ ಇದ್ದ ಮಳೆಗಾಲದಲ್ಲಿ ಹುಟ್ಟಿದ ಕರು. ತೋಟಕ್ಕೆ ನುಗ್ಗೋ ಅದನ್ನು ಓಡಿ ಹಿಡಿದು ಕಟ್ಟೋದೇ ಆಗ ನನಗಿದ್ದ ಉದ್ಯೋಗ. ನಮ್ಮೂರಿರೋದು ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿ. ಮನೆಯ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ. ಅಂದರೆ ಅಪ್ಪಯ್ಯ ಕೊಟ್ಟಿಗೆಯಿಂದ ಎದ್ದು, ಅಂಗಳ ದಾಟಿ, ಒಳಗೆ ಬಂದು ಫೋನ್ ಮಾಡಿದ್ದರು. ಮೂರು ಸಲ.

ಅಮ್ಮ ಫೋನನ್ನು ಅವರ ಕೈಗೆ ಕೊಟ್ಟಳು. “ನಿಂಗೆ ಕೆಲ್ಸ ಇದ್ದೀತು ಅಂತ ಮತ್ತೆ ಮಾಡ್ಲಿಲ್ಲ” ಅಂದರು.

“ಹೌದು ಅಪ್ಪಯ್ಯ, ಮೀಟಿಂಗ್ ಇತ್ತು” ಅಂದೆ.

ಕರೆ ಕಟ್ ಮಾಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ದಿನ ಕಾಡಿತು.

ಕೆಟ್ಟ ಮಗ ಅಂತ ನನ್ನನ್ನು ನಾನೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಒಂದು ಪ್ರಶ್ನೆ ಉಳೀತು. ಆ ಹೊತ್ತಿಗೆ ನಾನು ಪುಸ್ತಕ ಓದುತ್ತಾ ಇದ್ದಿದ್ದರೆ? ಮಗುಚಿಟ್ಟು ಫೋನ್ ಎತ್ತುತ್ತಿದ್ದೆ. ಸಿನಿಮಾ ನೋಡ್ತಿದ್ದಿದ್ದರೆ? ಎದ್ದು ಹೊರಗೆ ಹೋಗ್ತಿದ್ದೆ. ಆಫೀಸಿನ ನಿಜವಾದ ಮೀಟಿಂಗಿನಲ್ಲಿದ್ದಿದ್ದರೂ ಮೂರನೇ ಸಲಕ್ಕೆ “ಒಂದು ನಿಮಿಷ” ಅಂತ ಮ್ಯೂಟ್ ಮಾಡ್ತಿದ್ದೆ. ಇದೊಂದರಿಂದ ಮಾತ್ರ ಏಳೋಕಾಗಲಿಲ್ಲ.

ನಾನು ಮೊದಲು ಕಲಿತ ಆಟ ಹೀಗಿರಲಿಲ್ಲ. ಅಜ್ಜಿ ಜಗುಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದಳು. ಸಾಲಿಗೆ ಐದರಂತೆ ಇಪ್ಪತ್ತೈದು ಚೌಕ, ನಾಲ್ಕು ಕವಡೆ, ಕಾಯಿಗಳಿಗೆ ಹುಣಸೆ ಬೀಜ, ಬಳೆ ಚೂರು. ಆಟದ ನಡುವೆ ಹಾಲು ಕರೆಯೋ ಹೊತ್ತಾದರೆ ಅಜ್ಜಿ ಎದ್ದು ಹೋಗುವಳು. ಯಾರಾದರೂ ಬಂದರೆ ಕಾಫಿ ಮಾಡೋಕೆ ಹೋಗುವಳು. ಕೆಲವು ಸಲ ಮಾರನೇ ದಿನ ಮಧ್ಯಾಹ್ನವೇ ಮತ್ತೆ ಕೂರೋದು. ಕಾಯಿಗಳು ಇದ್ದಲ್ಲೇ ಇರುತ್ತಿದ್ದವು, ನನ್ನ ತಮ್ಮ ಆ ಕಡೆ ಸುಳಿಯದೇ ಇದ್ದರೆ. ಈಗಿನ ಭಾಷೆಯಲ್ಲಿ ಹೇಳೋದಾದರೆ ಸೇವ್ ಫೆಸಿಲಿಟಿ ಇತ್ತು, ಸೆಕ್ಯೂರಿಟಿ ಇರಲಿಲ್ಲ.

ಆಮೇಲೆ ಬಂದದ್ದು ಟಿವಿಗೆ ಸಿಕ್ಕಿಸೋ ಕ್ಯಾಸೆಟ್ ಗೇಮು. ಪಕ್ಕದೂರಿನ ಗೆಳೆಯನ ಮನೆಯಲ್ಲಿ ಮಾತ್ರ ಇತ್ತು. ಭಾನುವಾರ ಎರಡು ಮೈಲಿ ನಡೆದು ಹೋಗಿ ಕಾಂಟ್ರಾ ಆಡುತ್ತಿದ್ದೆವು. ಅದರಲ್ಲಿ ಸೇವ್ ಅನ್ನೋದೇ ಇಲ್ಲ. ಕೊನೇ ಸ್ಟೇಜಿಗೆ ಬಂದಾಗ ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಕೇಳಬಾರದು, ಯಾವಾಗ ಬರುತ್ತೆ ಅಂತ ಕೇಳಬೇಕು. ಆದರೆ ಅದು ಆ ಕ್ಯಾಸೆಟ್ಟಿನ ಬಡತನ. ಆಟದ ಸ್ಥಿತಿಯನ್ನು ನೆನಪಿಟ್ಟುಕೊಳ್ಳೋಕೆ ಅದರೊಳಗೆ ಜಾಗವೇ ಇರಲಿಲ್ಲ. 1987ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯನ್ನೇ ಇಟ್ಟಿದ್ದರು, ಆಡುವವನು ಎಲ್ಲಿಗೆ ಬಂದಿದ್ದ ಅನ್ನೋದು ಅಳಿಸಿಹೋಗದಿರಲಿ ಅಂತ.

ಈಗ ಆ ಬಡತನ ಇಲ್ಲ. ಜೇಬಿನಲ್ಲಿರೋ ಫೋನಿಗೆ ಆಟದ ಪೂರ್ತಿ ಸ್ಥಿತಿಯನ್ನು ಕಣ್ಣು ಮಿಟುಕಿಸೋದರೊಳಗೆ ಬರೆದಿಟ್ಟುಕೊಳ್ಳೋ ಶಕ್ತಿ ಇದೆ. ಹಾಗಿದ್ದೂ ಒಬ್ಬರೇ ಆಡೋ ಒಂದು ಆಟ “ಇವತ್ತು ಬರದಿದ್ದರೆ ನಿನ್ನೆ ಗಳಿಸಿದ್ದು ಹೋಗುತ್ತೆ” ಅಂತ ಹೇಳಿದರೆ, ಅದು ಕೈಲಾಗದ್ದಲ್ಲ. ಯಾರೋ ಕೂತು ತೀರ್ಮಾನ ಮಾಡಿದ್ದು.

ಯಾರು ಕೂತು ಮಾಡ್ತಾರೆ ಅಂತ ನನಗೆ ಗೊತ್ತು, ಯಾಕಂದ್ರೆ ಆ ಮೀಟಿಂಗಿನಲ್ಲಿ ನಾನೂ ಕೂತಿದ್ದೀನಿ. ಗೇಮ್ ಕಂಪನಿ ಅಲ್ಲ, ಶಾಪಿಂಗ್ ಆ್ಯಪ್. ಗೋಡೆಯ ಮೇಲಿನ ದೊಡ್ಡ ಸ್ಕ್ರೀನಿನಲ್ಲಿ ಡೈಲಿ ಆ್ಯಕ್ಟಿವ್ ಯೂಸರ್‌ಗಳ ಗೆರೆ ಓಡ್ತಾ ಇರುತ್ತೆ. ಗೆರೆ ಬಗ್ಗಿದರೆ ಪ್ರಾಡಕ್ಟ್ ಮ್ಯಾನೇಜರ್ ಮುಖ ಬಗ್ಗುತ್ತೆ. ಏಳು ದಿನ ಬಿಡದೆ ಆ್ಯಪ್ ತೆಗೆದವರಿಗೆ ಕಾಯಿನ್, ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗೆ: ಈ ಫೀಚರಿನ ಕೋಡ್ ಬರೆದವನು ನಾನೇ. ಆ ಕ್ವಾರ್ಟರಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸೊನ್ನೆಗೆ ಇಳಿಸೋ ಆ ಒಂದು ಸಾಲಿನ ಆಚೆ ಯಾರದೋ ಮನೆಯಲ್ಲಿ ಮಗು ಅಳ್ತಿರಬಹುದು, ಯಾರೋ ಆಸ್ಪತ್ರೆಯಲ್ಲಿರಬಹುದು ಅಂತ ನಾನು ಯೋಚನೆ ಮಾಡಿರಲಿಲ್ಲ. ಅಂಥದ್ದೇ ಸಾಲನ್ನು ಇನ್ಯಾರೋ ನನಗೋಸ್ಕರ ಬರೆದಿಟ್ಟಿದ್ದರು, ಅಷ್ಟೇ.

ಆ ಬುಧವಾರದ ನಂತರ ಫೋನಿನಿಂದ ಅಂಥವನ್ನೆಲ್ಲ ತೆಗೆದುಹಾಕಿದೆ. ದಿನಾ ಹಾಜರಿ ಕೇಳೋದು, ‘ಎನರ್ಜಿ ಮುಗೀತು, ನಾಲ್ಕು ಗಂಟೆ ಬಿಟ್ಟು ಬಾ’ ಅನ್ನೋದು, ತಿಂಗಳೊಳಗೆ ಇಷ್ಟು ಮುಗಿಸದಿದ್ದರೆ ಕೊಟ್ಟ ದುಡ್ಡಿನ ಬಹುಮಾನ ಸಿಗಲ್ಲ ಅನ್ನೋದು. ಹುಡುಕೋದು ಶುರುಮಾಡಿದೆ. ಮೊದಲು ಮಾಡಿದ ತಪ್ಪು ಅಂದರೆ ಚಿಕ್ಕ ಆಟಗಳನ್ನು ಮಾತ್ರ ಹುಡುಕಿದ್ದು. ಸಮಯಕ್ಕೆ ಬೆಲೆ ಕೊಡೋದು ಅಂದರೆ ಬೇಗ ಮುಗಿಯೋದು ಅಂದುಕೊಂಡಿದ್ದೆ. ಅದಲ್ಲ.

‘ದಿ ವಿಚರ್ 3’ ತಗೊಳ್ಳಿ. 2015ರದ್ದು. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ವಾರಕ್ಕೆ ಮೂರು ಗಂಟೆ ಸಿಗೋ ನನ್ನಂಥವನಿಗೆ ನಾಲ್ಕು ತಿಂಗಳು. ಆದರೂ ಅದು ಮರ್ಯಾದಸ್ಥ ಆಟ. ಕಾದಾಟದ ನಡುವೆ ಅಲ್ಲದಿದ್ದರೆ ಹೆಚ್ಚುಕಮ್ಮಿ ಎಲ್ಲಿ ಬೇಕಾದರೂ ಸೇವ್ ಮಾಡಿ ಏಳಬಹುದು. ಮೂರು ವಾರ ಬಿಟ್ಟು ಬಂದು ತೆಗೆದರೆ, ಲೋಡ್ ಆಗೋ ಹೊತ್ತಿಗೆ ಕಥೆ ಎಲ್ಲಿಗೆ ಬಂದಿತ್ತು ಅಂತ ಒಂದು ದನಿ ನೆನಪು ಮಾಡಿಕೊಡುತ್ತೆ. ತಾಳಮದ್ದಲೆಯಲ್ಲಿ ತಡವಾಗಿ ಬಂದು ಕೂತವನಿಗೆ ಪಕ್ಕದವರು “ಈಗ ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ” ಅಂತ ಪಿಸುಗುಟ್ಟಿದ ಹಾಗೆ. ನೀನು ಎಲ್ಲಿಗೆ ಹೋಗಿದ್ದೆ ಅಂತ ಕೇಳಲ್ಲ.

2018ರ ‘ಇನ್‌ಟು ದ ಬ್ರೀಚ್’ ಇನ್ನೊಂದು ತರಹ. ಎಂಟಕ್ಕೆಂಟು ಮನೆಯ ಸಣ್ಣ ಬೋರ್ಡು. ನೆಲದಡಿಯಿಂದ ಎದ್ದು ಬರೋ ದೈತ್ಯ ಹುಳುಗಳು ಮುಂದಿನ ಸರದಿಯಲ್ಲಿ ಎಲ್ಲಿ ಹೊಡೀತವೆ ಅಂತ ಆಟವೇ ಮೊದಲೇ ತೋರಿಸಿಬಿಡುತ್ತೆ. ನಿಮ್ಮ ಮೂರು ಯಂತ್ರಗಳನ್ನು ಹೇಗೆ ನಡೆಸಿದರೆ ಊರು ಉಳಿಯುತ್ತೆ ಅಂತ ಯೋಚಿಸಬೇಕು. ಗಡಿಯಾರ ಇಲ್ಲ. ಒಂದೊಂದು ಕಾಳಗ ಹೆಚ್ಚಾಗಿ ಐದಾರು ಸರದಿಯಲ್ಲಿ ಮುಗಿಯುತ್ತೆ. ಮಗಳು ನಿದ್ದೆಯಲ್ಲಿ “ಅಪ್ಪಾ” ಅಂದರೆ ಎದ್ದು ಹೋಗಿ, ಹೊದಿಸಿ, ನೀರು ಕುಡಿಸಿ, ಅಲ್ಲೇ ನಿದ್ದೆ ಹೋದರೂ ಹುಳುಗಳು ಎತ್ತಿದ ಕಾಲು ಇಳಿಸದೆ ಕಾಯ್ತಿರುತ್ತವೆ. ಅಜ್ಜಿಯ ಹುಣಸೆ ಬೀಜದ ಹಾಗೆ.

ಜನರ ಜೊತೆ ಆನ್‌ಲೈನ್ ಆಡೋದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಶನಿವಾರ ಶಟಲ್ ಆಡೋಕೆ ಹೋದಾಗಲೂ ಒಂದು ಗಂಟೆ ಯಾರಿಗೂ ಸಿಗಲ್ಲ. ಆದರೆ ಮನೆಯಲ್ಲಿ ಹೇಳಿ ಹೋಗಿರ್ತೀನಿ. ಈಗಲೂ ತಿಂಗಳಿಗೊಮ್ಮೆ ಆ ಮೂವರ ಜೊತೆ ಆಡ್ತೀನಿ, ಹೆಂಡತಿಗೆ ಹೇಳಿ, ಮೊಬೈಲ್ ಬಿಟ್ಟು ಲ್ಯಾಪ್‌ಟಾಪಿನಲ್ಲಿ. ಫೋನ್ ಪಕ್ಕದಲ್ಲಿರುತ್ತೆ. ಬಂದರೆ ಎತ್ತುತ್ತೀನಿ ಅಂತ ಅವರಿಗೂ ಹೇಳಿದ್ದೀನಿ. ಮೊದಲ ಸಲ ಬೈದರು. ಆಮೇಲೆ ಅವರಲ್ಲೊಬ್ಬ “ನಂಗೂ ಅಮ್ಮನ ಫೋನ್ ಬಂದ್ರೆ ಹೋಗ್ತೀನಿ ಕಣೋ” ಅಂದ.

ಇನ್ನು, ಈ ಬರಹ ಓದಿ ಒಂದೇ ಒಂದು ಆಟ ಆಡ್ತೀರಿ ಅಂದರೆ ‘ಎ ಶಾರ್ಟ್ ಹೈಕ್’ ಆಡಿ. ಆ್ಯಡಮ್ ರಾಬಿನ್ಸನ್-ಯು ಅನ್ನೋ ಕೆನಡಾದ ಡೆವಲಪರ್ ಮಾಡಿದ್ದು, 2019ರಲ್ಲಿ ಬಂತು. ಕ್ಲೇರ್ ಅನ್ನೋ ಪುಟ್ಟ ಹಕ್ಕಿ ರಜೆಗೆ ಚಿಕ್ಕಮ್ಮನ ಹತ್ತಿರ ಬಂದಿದೆ. ಅದು ಒಂದು ಮುಖ್ಯವಾದ ಫೋನಿಗೆ ಕಾಯ್ತಾ ಇದೆ. ಅಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕಾದರೆ ಹಾಕ್ ಪೀಕ್ ಅನ್ನೋ ಗುಡ್ಡದ ತುದಿಗೆ ಹೋಗಬೇಕು. ಅಷ್ಟೇ ಕಥೆ. ದಾರಿಯಲ್ಲಿ ಮೀನು ಹಿಡಿಯಬಹುದು, ಸಿಕ್ಕವರ ಜೊತೆ ಹರಟಬಹುದು, ಯಾರದೋ ಕಳೆದ ವಸ್ತು ಹುಡುಕಿಕೊಡಬಹುದು. ಚಿನ್ನದ ಗರಿ ಸಿಕ್ಕಷ್ಟೂ ಹೆಚ್ಚು ಎತ್ತರ ಹತ್ತಬಹುದು. ಯಾವುದಕ್ಕೂ ಅವಸರ ಇಲ್ಲ.

ನಾನು ಮೊದಲ ಸಲ ತೆಗೆದಾಗ ನಗು ಬಂತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಕೂತಿದ್ದಾಗ ನಾನು ಮಾಡಿದ್ದೂ ಇದನ್ನೇ. ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು, ಕೊಡೆ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮನೆ ಹಿಂದಿನ ಗುಡ್ಡ ಹತ್ತೋದು. ಮೇಲೆ ಒಂದು ನೇರಳೆ ಮರದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್. ಪಕ್ಕದಲ್ಲಿ ಆನ್‌ಲೈನ್ ಕ್ಲಾಸಿಗೆ ಬಂದ ಹೈಸ್ಕೂಲ್ ಹುಡುಗರು.

ಕ್ಲೇರ್ ಕಾಯ್ತಿದ್ದ ಫೋನು ಯಾರದ್ದು ಅಂತ ನಾನು ಹೇಳಲ್ಲ. ಒಂದೂವರೆ ಗಂಟೆಯಲ್ಲಿ ಮುಗಿಯೋ ಆ ಆಟವನ್ನು ನಾನು ಮುಗಿಸಿದ್ದು ಐದು ವಾರದಲ್ಲಿ. ತುದಿಗೆ ಹೋಗಿ ಫೋನ್ ರಿಂಗಾದಾಗ ರಾತ್ರಿ ಹನ್ನೊಂದು ದಾಟಿತ್ತು. ಹಕ್ಕಿ ಫೋನ್ ಎತ್ತಿತು. ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಗೋಪೂಜೆ ಮುಗಿದು, ಊಟ ಮುಗಿದು, ಜಗುಲಿಯಲ್ಲಿ ಕೂತು ಮತ್ತೊಂದು ಸಲ ಅದೇ ಆಟ ತೆಗೆದಿದ್ದೆ. ತಮ್ಮ ಅಮೆರಿಕದಿಂದ ತಂದುಕೊಟ್ಟ ನಿಂಟೆಂಡೊ ಸ್ವಿಚ್. ಅಪ್ಪಯ್ಯ ಎಲೆ ಅಡಿಕೆ ಮೆಲ್ಲುತ್ತಾ ಪಕ್ಕದಲ್ಲಿ ಬಂದು ಕೂತರು.

“ಎಂತದು ಅದು?”

“ಹಕ್ಕಿ. ಗುಡ್ಡ ಹತ್ತುತ್ತಾ ಇದೆ.”

“ಹಕ್ಕಿ ಯಾಕೆ ಹತ್ತಬೇಕು? ಹಾರಕ್ಕೆ ಬರೋದಿಲ್ವಾ?”

“ಸ್ವಲ್ಪ ಹಾರುತ್ತೆ. ಮೇಲೆ ಹೋದ್ರೆ ಮಾತ್ರ ಫೋನ್ ಸಿಗ್ನಲ್ ಸಿಗೋದಂತೆ.”

ಅಪ್ಪಯ್ಯ ಜೋರಾಗಿ ನಕ್ಕರು. “ನಮ್ಮೂರಿನ ಹಕ್ಕಿಯೇ ಇರ್ಬೇಕು.”

ಅವರು ನಗ್ತಿದ್ದಾಗಲೇ ಹೇಳಿಬಿಟ್ಟೆ. “ಗೌರಿ ಹೋದ ದಿನ ನಂಗೆ ಮೀಟಿಂಗ್ ಇರಲಿಲ್ಲ ಅಪ್ಪಯ್ಯ. ಗೇಮ್ ಆಡ್ತಾ ಇದ್ದೆ.”

ಅವರು ಸ್ವಲ್ಪ ಹೊತ್ತು ಅಂಗಳ ನೋಡಿದರು. ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು. “ಕರುಗೆ ಹುಲ್ಲು ಹಾಕಿಲ್ಲ. ಬಾ” ಅಂದರು.

ಮೇಲಿನ ಗುಂಡಿ ಒತ್ತಿದೆ. ಹಕ್ಕಿ ಅರ್ಧ ಗುಡ್ಡದಲ್ಲಿ ಬಂಡೆಗೆ ಅಂಟಿಕೊಂಡಿದ್ದ ಹಾಗೇ ಸ್ಕ್ರೀನು ಕಪ್ಪಾಯಿತು. ಅಪ್ಪಯ್ಯನ ಹಿಂದೆ ಕೊಟ್ಟಿಗೆಗೆ ಹೋದೆ.

ಮತ್ತೆ ಅದನ್ನು ತೆಗೆದದ್ದು ಬೆಂಗಳೂರಿಗೆ ಬಂದಮೇಲೆ, ಹನ್ನೊಂದು ದಿನ ಬಿಟ್ಟು. ಚಾರ್ಜ್ ಖಾಲಿಯಾಗಿತ್ತು. ವೈರ್ ಸಿಕ್ಕಿಸಿ ತೆಗೆದರೆ, ಹಕ್ಕಿ ಗುಡ್ಡದ ಮೇಲೆಯೇ ಇತ್ತು.